ಸೇತುವೆಗೂ ಸೂರು ಯಾಕೆ ಬೇಕು?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಶಿಕ್ಷಕ. ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ವರ್ಮಾಂಟ್‌ಗೆ ಹೋಗಿದ್ದೆ. ಅಲ್ಲಿ ವಿಂಡ್ಸರ್ ಎಂಬ ಊರಿನಲ್ಲಿ ಕನೆಕ್ಟಿಕಟ್ ಹೊಳೆಗೆ ಕಟ್ಟಿದ ಮರದ ಸೇತುವೆ ನೋಡಿದೆ. ಎರಡೂ ಪಕ್ಕ ಹಲಗೆ ಗೋಡೆ, ಮೇಲೆ ಮಾಡು, ಥೇಟ್ ಉದ್ದನೆಯ ಮನೆ ಇದ್ದ ಹಾಗಿದೆ. 1866ರದ್ದಂತೆ, ಈಗಲೂ ಕಾರು ಓಡಾಡುತ್ತವೆ. ಸೇತುವೆಗೆ ಸೂರು ಯಾಕೆ ಅಂದರೆ ಅಳಿಯ ಹಿಮ ಬೀಳದಿರಲಿ ಅಂತ ಅಂದರು, ಮೊಮ್ಮಗಳು ಕುದುರೆ ನೀರು ನೋಡಿ ಹೆದರದಿರಲಿ ಅಂತ ಅಂದಳು. ಯಾವುದು ನಿಜ? ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯ ಮಣ್ಣಿನ ಮಾಳಿಗೆ ಮನೆಯ ಕಂಬಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅವು ಬುಡದಲ್ಲಿ ಪುಡಿಯಾಗುತ್ತಿವೆ. ಅವರು ಅದನ್ನು ಹೇಗೆ ಉಳಿಸಿಕೊಂಡರು? ನಮ್ಮ ಕಡೆ ಇಂಥ ಸೇತುವೆ ಯಾಕಿಲ್ಲ?

ಉತ್ತರ: ಮೇಷ್ಟ್ರೇ, ನಿಮ್ಮ ಅಳಿಯಂದಿರಿಗೆ ಬೇಜಾರಾದರೂ ಹೇಳಲೇಬೇಕು. ಹಿಮದ ಕಾರಣ ಸರಿಯಲ್ಲ. ಸರಿಯಲ್ಲ ಅಷ್ಟೇ ಅಲ್ಲ, ಅಲ್ಲಿ ಹಳೇ ಕಾಲದಲ್ಲಿ ನಡೆಯುತ್ತಿದ್ದುದು ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಆ ಜನ ಗಾಲಿ ಗಾಡಿ ಬಿಟ್ಟು ಹಿಮದ ಮೇಲೆ ಜಾರುವ ಗಾಡಿ ಕಟ್ಟುತ್ತಿದ್ದರು. ಸೇತುವೆ ಒಳಗೆ ಹಿಮವೇ ಇಲ್ಲ, ಬರೀ ಹಲಗೆ. ಗಾಡಿ ಜಾರುವುದು ಹೇಗೆ? ಅದಕ್ಕೆ ಊರಿನವರು ಆಳು ಇಟ್ಟು, ಹೊರಗಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಸೇತುವೆ ಒಳಗೆ ಹಾಸಿಸುತ್ತಿದ್ದರು. ಬೀಳುವ ಹಿಮವನ್ನು ತಡೆಯಲು ಸೂರು ಕಟ್ಟಿ, ಆಮೇಲೆ ಅದೇ ಹಿಮವನ್ನು ಕೂಲಿ ಕೊಟ್ಟು ಒಳಗೆ ಹೊರಿಸುವವರು ಇರುತ್ತಾರಾ?

ಮೊಮ್ಮಗಳ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಪಕ್ಕದಲ್ಲಿ ಗೋಡೆ ಇದ್ದರೆ ಕುದುರೆ, ದನ ಗಾಬರಿಯಿಲ್ಲದೆ ದಾಟುತ್ತವೆ ನಿಜ. ಆದರೆ ಅದು ಆಮೇಲೆ ಸಿಕ್ಕ ಲಾಭ, ಕಟ್ಟಿದ ಕಾರಣ ಅಲ್ಲ. ಕುದುರೆಗೂ ಆ ಸೇತುವೆಗೂ ಬೇರೆ ನಂಟೊಂದಿದೆ. ಸೇತುವೆಯ ಬಾಯಿಯ ಮೇಲೆ ಒಂದು ಬೋರ್ಡು ನೋಡಿರಬಹುದು: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲವಾದರೆ ಎರಡು ಡಾಲರ್ ದಂಡ. ಕುದುರೆ ಓಡುವಾಗ ಗೊರಸಿನ ಹೆಜ್ಜೆ ಒಂದೇ ತಾಳಕ್ಕೆ ಬೀಳುತ್ತದೆ. ಆ ತಾಳಕ್ಕೆ ಸೇತುವೆ ತೂಗಾಡತೊಡಗಿದರೆ ಕೂಡುಗಳು ಸಡಿಲವಾಗುತ್ತವೆ. ಹಾಗಾಗಿ ದಂಡ.

ಸೂರು ಇರುವುದು ಜನಕ್ಕೂ ಅಲ್ಲ, ಕುದುರೆಗೂ ಅಲ್ಲ. ಸೇತುವೆಗೇ.

ಇದು ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. ನಮ್ಮ ಕಡೆ ಯಾವ ಊರಿನ ತೇರನ್ನಾದರೂ ನೋಡಿ. ಜಾತ್ರೆ ಮುಗಿದ ಮೇಲೆ ಬಾವುಟ, ಬಟ್ಟೆ, ಹಗ್ಗ ಎಲ್ಲ ಬಿಚ್ಚುತ್ತಾರೆ. ಉಳಿದ ಗಡ್ಡೆಯನ್ನು, ಅಂದರೆ ತೇರಿನ ಮರದ ಬುಡಭಾಗವನ್ನು, ತೇರಿನ ಮನೆಗೆ ತಳ್ಳಿ ತಗಡಿನ ಬಾಗಿಲು ಹಾಕುತ್ತಾರೆ. ತೇರಿನ ಮನೆ ಇಲ್ಲದ ಊರಲ್ಲಿ ಸುತ್ತ ಜಿಂಕ್ ಶೀಟಾದರೂ ಕಟ್ಟುತ್ತಾರೆ. ವರ್ಷಕ್ಕೆ ಒಂದು ದಿನ ಎಳೆಯುವ ತೇರಿಗೆ ಉಳಿದ 364 ದಿನ ಮನೆ ಬೇಕು. ಹಾಗೆ ಮಾಡದೆ ಬಯಲಲ್ಲಿ ಬಿಟ್ಟ ಗಡ್ಡೆಯ ಕೆತ್ತನೆಗೆ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಸೇತುವೆಯನ್ನು ಹೊಳೆಯಿಂದ ಎತ್ತಿಕೊಂಡು ಹೋಗಿ ಮನೆಯೊಳಗೆ ಇಡಲು ಆಗಲ್ಲ ಅಲ್ವಾ? ಅದಕ್ಕೇ ಸೇತುವೆ ಇದ್ದಲ್ಲಿಗೇ ಮನೆ ತಂದರು.

ಸೇತುವೆಯ ಜೀವ ಇರುವುದು ಎಲ್ಲಿ ಅಂತ ಮೊದಲು ತಿಳಿಯಬೇಕು. ನೀವು ಹೊರಗಿಂದ ನೋಡಿದ ಹಲಗೆ ಗೋಡೆ ಏನನ್ನೂ ಹೊರುವುದಿಲ್ಲ. ಅದು ಮಳೆಯಲ್ಲಿ ಕುರಿ ಕಾಯುವವನು ಹಾಕಿಕೊಳ್ಳುವ ಕಂಬಳಿ ಕೊಪ್ಪೆ ಇದ್ದ ಹಾಗೆ. ಕೊಪ್ಪೆಯ ಒಳಗೆ ಮೈ ಇದೆ. ಒಳಗೆ ನಿಂತು ಪಕ್ಕಕ್ಕೆ ನೋಡಿದ್ದರೆ ದಪ್ಪ ದಪ್ಪ ಮರಗಳು ಒಂದಕ್ಕೊಂದು ಅಡ್ಡಡ್ಡ ಹಾದು ಜಾಫ್ರಿ ಹೆಣೆದ ಹಾಗೆ ಕಂಡಿರುತ್ತದೆ. ಅದನ್ನು ಟ್ರಸ್ ಅನ್ನುತ್ತಾರೆ, ನಮ್ಮ ಬಡಗಿಗಳು ಹಂಚಿನ ಮಾಡಿಗೆ ಕೂರಿಸುವ ಕತ್ತರಿಯ ದೊಡ್ಡಣ್ಣ. ಸೇತುವೆಯ ಎರಡೂ ಪಕ್ಕದ ಈ ಟ್ರಸ್‌ಗಳೇ ನೆಲ, ಸೂರು, ಕಾರು, ನೀವು, ನಿಮ್ಮ ಮೊಮ್ಮಗಳು ಎಲ್ಲರನ್ನೂ ಹೊತ್ತು ನಿಂತಿರುವುದು. ಇದರಲ್ಲಿ ನೂರಾರು ಕೂಡುಗಳಿವೆ. ಕೂಡಿನ ಸಂದಿಗೆ ಒಂದು ಸಲ ನೀರು ಇಳಿದರೆ ಅಷ್ಟು ಸುಲಭಕ್ಕೆ ಒಣಗಲ್ಲ. ಹೊರಗಿನ ಮೈ ಬಿಸಿಲಿಗೆ ಒಣಗಿ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಲಡ್ಡಾಗುತ್ತಾ ಇರುತ್ತದೆ.

ಮರವನ್ನು ಕೊಳೆಸುವುದು ಮಳೆಯಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರ. ಅದಕ್ಕೆ ಬದುಕಲು ನೀರು ಬೇಕು, ಗಾಳಿಯೂ ಬೇಕು. ಮರದ ಒಣ ತೂಕಕ್ಕೆ ನೂರಕ್ಕೆ 20ಕ್ಕಿಂತ ಕಡಿಮೆ ನೀರಿದ್ದರೆ ಅದು ತಲೆ ಎತ್ತುವುದಿಲ್ಲ. ಸೂರಿನ ಕೆಳಗೆ ಗಾಳಿಯಾಡುವ ಜಾಗದಲ್ಲಿರುವ ಮರದಲ್ಲಿ ಸಾಮಾನ್ಯವಾಗಿ ಅಷ್ಟು ನೀರು ಇರಲ್ಲ. 30ರ ಹತ್ತಿರ ಹೋಯಿತೋ, ಶಿಲೀಂಧ್ರಕ್ಕೆ ಹಬ್ಬ. ತಮಾಷೆ ಅಂದರೆ ಸದಾ ನೀರಿನಲ್ಲೇ ಮುಳುಗಿದ ಮರವೂ ಶತಮಾನಗಟ್ಟಲೆ ಬಾಳುತ್ತದೆ, ಅಲ್ಲಿ ಗಾಳಿ ಇಲ್ಲ. ಕೆಡುವುದು ನೆನೆದು ಒಣಗಿ, ಮತ್ತೆ ನೆನೆದು ಒಣಗುವ ಜಾಗ. ಬೇಲಿ ಗೂಟ ನೆಲದ ಮಟ್ಟದಲ್ಲೇ ಮುರಿಯುತ್ತದೆ, ಅಲ್ವಾ? ಮೇಲೂ ಗಟ್ಟಿ, ಕೆಳಗೂ ಗಟ್ಟಿ, ನಡುವೆ ಪುಡಿ. ನಿಮ್ಮ ಕಂಬದ ಕತೆಯೂ ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದಲ್ಲಿ ಇದರ ಲೆಕ್ಕವನ್ನು ಮೊದಮೊದಲು ಹಾಕಿದವರಲ್ಲಿ ಟಿಮೊಥಿ ಪಾಮರ್ ಎಂಬ ಸೇತುವೆ ಬಡಗಿಯೂ ಒಬ್ಬ. ಫಿಲಡೆಲ್ಫಿಯಾದ ಶುಯ್ಲ್‌ಕಿಲ್ ಹೊಳೆಗೆ ಅವನು ಮರದ ಕಮಾನಿನ ಸೇತುವೆ ಕಟ್ಟುತ್ತಿದ್ದ. ಸೇತುವೆ ಕಂಪನಿಯ ಅಧ್ಯಕ್ಷ ರಿಚರ್ಡ್ ಪೀಟರ್ಸ್ ವೃತ್ತಿಯಲ್ಲಿ ಜಡ್ಜ್. ಇಷ್ಟು ದುಡ್ಡು ಹಾಕಿದ್ದೇವೆ, ಮೇಲೊಂದು ಮಾಡು ಹೊದಿಸೋಣ ಅಂತ ಪಟ್ಟು ಹಿಡಿದವರು ಅವರು. ಬಯಲಲ್ಲಿ ಬಿಟ್ಟರೆ 10–12 ವರ್ಷ ಬಾಳುತ್ತದೆ, ಹೊದಿಸಿದರೆ 30–40 ವರ್ಷ ಬರಬಹುದು ಅಂತ ಪಾಮರ್ ಅಂದಾಜು ಹೇಳಿದ. 1805ರಲ್ಲಿ ಸೂರು ಹೊದಿಸಿದರು. ಅಮೆರಿಕದ ಮೊದಲ ಚಾವಣಿ ಸೇತುವೆ ಅದೇ. ಪಾಮರ್ ಪಾಪ ಜಾಸ್ತಿ ಹೇಳಿದೆನೇನೋ ಅಂದುಕೊಂಡಿರಬೇಕು. ನೀವು ದಾಟಿದ ಸೇತುವೆಗೆ ಈಗ 150 ದಾಟಿದೆ.

ಆಮೇಲೆ ಶುರುವಾಯಿತು ನೋಡಿ ಪೇಟೆಂಟ್‌ಗಳ ಸಂತೆ. 1817ರಲ್ಲಿ ಥಿಯೊಡೊರ್ ಬರ್ ಎಂಬವನು ಟ್ರಸ್‌ಗೆ ಕಮಾನು ಸೇರಿಸಿ ಪೇಟೆಂಟ್ ಪಡೆದ. 1840ರಲ್ಲಿ ವಿಲಿಯಂ ಹೋವ್ ನಿಂತ ಮರಗಳ ಬದಲು ಕಬ್ಬಿಣದ ಸರಳು ಹಾಕಿದ. ಆದರೆ ನನಗೆ ಇಷ್ಟವಾದವನು ಇವರಿಬ್ಬರ ನಡುವೆ ಬಂದ ಇಥಿಯೆಲ್ ಟೌನ್. ಕನೆಕ್ಟಿಕಟ್‌ನ ಆರ್ಕಿಟೆಕ್ಟ್. ಭಾರೀ ತೊಲೆ, ನುರಿತ ಬಡಗಿ ಎರಡೂ ಬೇಡ ಅನ್ನುವುದು ಅವನ ವಾದ. ಯಾವ ಊರಿನ ಸಾಮಿಲ್‌ನಲ್ಲೂ ಸಿಗುವ ಹಲಗೆಗಳನ್ನು ಓರೆಯಾಗಿ ಜಾಫ್ರಿ ಹೆಣೆಯಿರಿ, ಹಾದು ಹೋಗುವಲ್ಲೆಲ್ಲ ತೂತು ಕೊರೆದು ಮರದ ಗೂಟ ಬಡಿಯಿರಿ, ಸೇತುವೆ ಆಯಿತು. 1820ರಲ್ಲಿ ಪೇಟೆಂಟ್ ಸಿಕ್ಕಿತು. ಅವನು ತಾನು ಕಟ್ಟುವುದಕ್ಕಿಂತ ಬೇರೆಯವರ ಕೈಲಿ ಕಟ್ಟಿಸಿ ಹಕ್ಕಿನ ಹಣ ಎಣಿಸಿದ್ದೇ ಹೆಚ್ಚು. ಕೇಳಿ ಕಟ್ಟಿದರೆ ಸೇತುವೆಯ ಅಡಿಗೆ ಒಂದು ಡಾಲರ್. ಕೇಳದೆ ಕಟ್ಟಿ ಸಿಕ್ಕಿಬಿದ್ದರೆ ಅಡಿಗೆ ಎರಡು.

ಆ ಗೂಟದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಓಕ್ ಮರದ ಗೂಟ, ನಮ್ಮ ರೊಟ್ಟಿ ಲಟ್ಟಣಿಗೆಯಷ್ಟು ದಪ್ಪ. ಗೂಟವನ್ನು ಚೆನ್ನಾಗಿ ಒಣಗಿಸುತ್ತಾರೆ. ಬಡಿಯುವ ತೊಲೆ ಅಷ್ಟು ಒಣಗಿರುವುದಿಲ್ಲ. ತೊಲೆ ಆಮೇಲೆ ಒಣಗುತ್ತಾ ಕುಗ್ಗಿ ಗೂಟವನ್ನು ಕಚ್ಚಿ ಹಿಡಿಯುತ್ತದೆ. ಒಣಗಿದಷ್ಟೂ ಬಿಗಿ. ಕಬ್ಬಿಣದ ಮೊಳೆಗೆ ಈ ಗುಣ ಇಲ್ಲ. ಅದು ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ನಮ್ಮಲ್ಲಿ ಹಳೇ ಬಾಗಿಲುವಾಡ ಬಿಚ್ಚುವಾಗ ಮೂಲೆಯಲ್ಲಿ ಇಂಥದ್ದೇ ಗೂಟ ಸಿಗುತ್ತದೆ. ಚಿತ್ರದುರ್ಗದಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಬಡಗಿಯೊಬ್ಬರು ಅದನ್ನು ಹಿಂದಿನಿಂದ ತಟ್ಟಿ ಹೊರಗೆ ತೆಗೆಯುತ್ತಾರೆ. ಮೂಸಿ ನೋಡಿ ಯಾವ ಮರ ಅಂತ ಹೇಳಿ, ತೊಳೆದು ಒಣಗಿಸಿ ಮತ್ತೆ ಅದೇ ತೂತಿಗೆ ಬಡಿಯುತ್ತಾರೆ. ಹೊಸದು ಮಾಡಿಕೊಡಿ ಅಂದರೆ ಅವರಿಗೆ ಸಿಟ್ಟು.

ಇನ್ನು ನಿಮ್ಮ ಸೇತುವೆ. ಅದರ ಹೆಸರು ಕಾರ್ನಿಶ್–ವಿಂಡ್ಸರ್. ಆಚೆ ದಡ ಕಾರ್ನಿಶ್, ಅದು ನ್ಯೂ ಹ್ಯಾಂಪ್‌ಶೈರ್ ರಾಜ್ಯ. ಈಚೆ ದಡ ವಿಂಡ್ಸರ್, ಅದು ವರ್ಮಾಂಟ್. ಉದ್ದ ಸುಮಾರು 450 ಅಡಿ, ಹೊಳೆಯ ನಡುವೆ ಒಂದೇ ಒಂದು ಕಲ್ಲಿನ ಕಂಬ. ಒಂದು ಮಾತು ಅಳಿಯಂದಿರಿಗೆ ಮೆಲ್ಲಗೆ ಹೇಳಿ: ಎರಡು ರಾಜ್ಯಗಳ ಗಡಿ ಹೊಳೆಯ ನಡುವೆ ಇಲ್ಲ, ವರ್ಮಾಂಟ್ ಕಡೆಯ ದಡದ ನೀರಿನಂಚಿನಲ್ಲಿದೆ. ಹಾಗಾಗಿ ಸೇತುವೆ ಬಹುಪಾಲು ನ್ಯೂ ಹ್ಯಾಂಪ್‌ಶೈರ್‌ನದೇ.

ಅದೇ ಜಾಗದಲ್ಲಿ 1796, 1824, 1849ರಲ್ಲಿ ಮೂರು ಸೇತುವೆ ಕಟ್ಟಿದ್ದರು. ಮೂರನ್ನೂ ಹೊಳೆ ಕೊಂಡೊಯ್ದಿತ್ತು. ನಾಲ್ಕನೆಯದನ್ನು 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೆಲಾ ಫ್ಲೆಚರ್ ಎಂಬಿಬ್ಬರು ಕಟ್ಟಿದರು. ಟೌನ್‌ನ ಜಾಫ್ರಿಯೇ, ಆದರೆ ಹಲಗೆಯ ಬದಲು ಕಚ್ಚು ಹಾಕಿದ ದಪ್ಪ ತೊಲೆ ಬಳಸಿದರು. ಮೊದಲು ಊರ ಹೊರಗಿನ ಹುಲ್ಲುಗಾವಲಿನಲ್ಲಿ ಜೋಡಿಸಿ ನೋಡಿಕೊಂಡು ಆಮೇಲೆ ಹೊಳೆಯ ಮೇಲೆ ನಿಲ್ಲಿಸಿದರು. ಖರ್ಚು 9,000 ಡಾಲರ್. ಖಾಸಗಿ ಕಂಪನಿಯ ಸೇತುವೆ, ದಾಟಲು ಸುಂಕ ಕೊಡಬೇಕಿತ್ತು. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಅದನ್ನು 1936ರಲ್ಲಿ ಕೊಂಡುಕೊಂಡಿತು. ಸುಂಕ ನಿಂತದ್ದು 1943ರಲ್ಲಿ.

ಅಮೆರಿಕದವರೇ ಇದನ್ನು ಕಂಡುಹಿಡಿದರು ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಚಾವಣಿ ಸೇತುವೆ 14ನೇ ಶತಮಾನದ್ದು. ಅಲ್ಲಿ ಮಾಡಿನ ಕೆಳಗೆ ಸಾಲಾಗಿ ಬಣ್ಣದ ಚಿತ್ರಗಳಿವೆ. ಚೀನಾದ ಫುಜಿಯನ್, ಝೆಜಿಯಾಂಗ್ ಕಡೆಯ ಬಡಗಿಗಳು ಮರದ ದಿಮ್ಮಿಗಳನ್ನೇ ಬುಟ್ಟಿ ಹೆಣೆದ ಹಾಗೆ ಕಮಾನು ಹೆಣೆದು ಅದರ ಮೇಲೆ ಮಂಟಪದಂಥ ಸೂರು ಕಟ್ಟುತ್ತಾರೆ. ಅಲ್ಲಿ ಜನ ಕೂತು ಹರಟುತ್ತಾರೆ, ದೇವರಿಗೆ ಊದುಬತ್ತಿ ಹಚ್ಚುತ್ತಾರೆ. ಆ ವಿದ್ಯೆ ಬಲ್ಲವರು ತೀರಾ ಕಡಿಮೆಯಾಗಿದ್ದಾರೆ ಅಂತ 2009ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಸೇರಿಸಿತು. ಕಾಪಾಡಬೇಕಾದದ್ದು ಸೇತುವೆಯನ್ನಲ್ಲ, ವಿದ್ಯೆಯನ್ನು. ಇದು ನನಗೆ ತುಂಬಾ ಹಿಡಿಸಿದ ವಿಷಯ.

ಈಗ ಉಳಿಸುವ ಮಾತು. 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚಾವಣಿ ಸೇತುವೆ ಇದ್ದವು ಅನ್ನುತ್ತಾರೆ. ಈಗ ಸಾವಿರವೂ ಇಲ್ಲ. ಕೊಳೆತು ಬಿದ್ದವು ಅಷ್ಟೇನೂ ಇಲ್ಲ. ಕಬ್ಬಿಣ, ಕಾಂಕ್ರೀಟ್ ಬಂದಾಗ ಕಿತ್ತು ಹಾಕಿದ್ದೇ ಜಾಸ್ತಿ. ಉಳಿದವನ್ನು ಕೊಲ್ಲುವುದು ಮುಖ್ಯವಾಗಿ ಪ್ರವಾಹ ಮತ್ತು ಬೆಂಕಿ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ವರ್ಮಾಂಟ್‌ನ ಬಾರ್ಟನ್ಸ್‌ವಿಲ್‌ನ 1870ರ ಸೇತುವೆ ಕುಸಿದು ಕೊಚ್ಚಿಹೋಯಿತು. ದಡದಲ್ಲಿ ನಿಂತವರು ಅದನ್ನು ವಿಡಿಯೊ ಮಾಡಿಕೊಂಡಿದ್ದಾರೆ. ಸೂರು ಸಮೇತ ಇಡೀ ಸೇತುವೆ ಮಂಡಿಯೂರಿದ ಹಾಗೆ ಕುಸಿಯುತ್ತದೆ. ಅದೇ ದಿನ ನ್ಯೂಯಾರ್ಕ್ ರಾಜ್ಯದಲ್ಲಿ 1855ರ ಬ್ಲೆನ್‌ಹೈಮ್ ಸೇತುವೆಯೂ ಹೋಯಿತು. ಬೆಂಕಿಯದ್ದು ಇನ್ನೂ ಸಂಕಟದ ಕತೆ. ಲೂಸರ್ನ್ ಸೇತುವೆಯ ದೊಡ್ಡ ಭಾಗ 1993ರ ಆಗಸ್ಟ್ 17–18ರ ನಡುರಾತ್ರಿ ಸುಟ್ಟಿತು. ಮುಂದಿನ ಏಪ್ರಿಲ್‌ಗೆ ಮತ್ತೆ ಕಟ್ಟಿದರು. ಮರ ಬಂತು, ಚಿತ್ರಗಳು ಹೆಚ್ಚಿನವು ಬರಲಿಲ್ಲ. ಚೀನಾದ ವಾನಾನ್ ಸೇತುವೆ, 98 ಮೀಟರ್ ಉದ್ದದ್ದು, 2022ರ ಆಗಸ್ಟ್ 6ರ ರಾತ್ರಿ ಸುಟ್ಟು ಬೂದಿಯಾಯಿತು. ಮಳೆಯಿಂದ ಕಾಪಾಡುವ ಅದೇ ಸೂರು, ಗೋಡೆ ಬೆಂಕಿ ಬಿದ್ದಾಗ ಹೊಗೆ ಕೊಳವೆಯ ಹಾಗೆ ಆಗಿಬಿಡುತ್ತವೆ. ಅದಕ್ಕೇ ಈಗ ಹಲವು ಕಡೆ ಬೆಂಕಿ ತಡೆಯುವ ಲೇಪ ಹಚ್ಚುತ್ತಾರೆ, ಶಾಖ ಗುರುತಿಸುವ ಸೆನ್ಸರ್, ನೀರು ಚಿಮುಕಿಸುವ ಕೊಳವೆ ಹಾಕುತ್ತಾರೆ.

ಇವೆಲ್ಲ ಸುದ್ದಿಯಾಗುವ ಸಾವುಗಳು. ಸುದ್ದಿಯಾಗದ ಇನ್ನೊಂದಿದೆ, ಮಣ್ಣು. ಗಾಡಿ, ಕಾರಿನ ಚಕ್ರಕ್ಕೆ ಅಂಟಿದ ಕೆಸರು ಸೇತುವೆಯ ಬಾಯಿಯಲ್ಲೇ ಉದುರುತ್ತದೆ. ಟ್ರಸ್ ದಡದ ಕಲ್ಲಿನ ಮೇಲೆ ಕೂರುವುದೂ ಅಲ್ಲೇ. ಆ ಮೂಲೆಯಲ್ಲಿ ಮಣ್ಣು, ತರಗೆಲೆ, ಹಕ್ಕಿ ಹಿಕ್ಕೆ ಸೇರಿ ಒದ್ದೆ ಗೊಬ್ಬರದ ಗುಡ್ಡೆ ಆಗುತ್ತದೆ. 400 ಅಡಿ ಸೇತುವೆ ಗಟ್ಟಿಮುಟ್ಟಾಗಿರುತ್ತದೆ, ಕೊನೆಯ ನಾಲ್ಕು ಅಡಿ ಕೈಯಲ್ಲಿ ಹಿಡಿದರೆ ಪುಡಿ. ಭಾರ ಎಲ್ಲ ಇಳಿಯುವುದು ಆ ನಾಲ್ಕು ಅಡಿಯ ಮೇಲೆ. ಹಾಗಾಗಿ ಇಂಥ ಸೇತುವೆಗೆ ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಮೊದಲ ಉತ್ತರ ಪೊರಕೆ. ನಗಬೇಡಿ. ವರ್ಷಕ್ಕೆ ಎರಡು ಸಲ ಮೂಲೆ ಗುಡಿಸಿ ಮಾಡಿನ ಸೋರಿಕೆ ಮುಚ್ಚುವುದಕ್ಕೆ ಆಗುವ ಖರ್ಚು, ತೊಲೆ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಗುಡಿಸುವ ಕೆಲಸಕ್ಕೆ ಉದ್ಘಾಟನೆ ಸಮಾರಂಭ ಇರಲ್ಲ. ಬೋರ್ಡಿನ ಮೇಲೆ ಯಾರ ಹೆಸರೂ ಬರಲ್ಲ.

ದೊಡ್ಡ ರಿಪೇರಿ ಅಂತ ಬಂದಾಗ ಜಗಳ ಶುರು. 1987ರಲ್ಲಿ ಕಾರ್ನಿಶ್–ವಿಂಡ್ಸರ್ ಸೇತುವೆಯನ್ನು ಮುಚ್ಚಿದರು, ಅದು ನಡುವೆ ಜೋತು ಬಿದ್ದಿತ್ತು. 1989ರಲ್ಲಿ ಮತ್ತೆ ತೆರೆದರು. ಖರ್ಚು ಸುಮಾರು 44 ಲಕ್ಷ ಡಾಲರ್. ಕಟ್ಟಿದಾಗಿನ 9,000 ಎಲ್ಲಿ, ಇದೆಲ್ಲಿ. ಆ ರಿಪೇರಿಯಲ್ಲಿ ಉದ್ದದ ಮುಖ್ಯ ತೊಲೆಗಳ ಜಾಗಕ್ಕೆ ಪಟ್ಟಿ ಪಟ್ಟಿ ಮರವನ್ನು ಅಂಟು ಹಾಕಿ ಒತ್ತಿ ಕೂಡಿಸಿದ ಹೊಸ ಬಗೆಯ ತೊಲೆ ಬಂತು. ಇದು ಸರಿಯಲ್ಲ, ಹಳೇ ಥರದ ತೊಲೆಯನ್ನೇ ಹಾಕಬೇಕಿತ್ತು ಅಂತ ಒಂದು ಗುಂಪು. ಅಷ್ಟು ಉದ್ದದ, ಅಷ್ಟು ಗಟ್ಟಿ ಮರ ಈಗ ಎಲ್ಲಿ ಸಿಗುತ್ತದೆ, ಕಾರು ಓಡಬೇಕಲ್ಲ ಅಂತ ಇನ್ನೊಂದು ಗುಂಪು. ನಾನು ಎರಡನೆಯವರ ಕಡೆ, ಆದರೆ ಪೂರ್ತಿ ಅಲ್ಲ. ಅಂಟಿನ ತೊಲೆಯಾದರೂ ಅದು ಮರ, ಟ್ರಸ್ ಇನ್ನೂ ಟ್ರಸ್ ಆಗಿಯೇ ಭಾರ ಹೊರುತ್ತಿದೆ. ನನಗೆ ಆಗದಿರುವುದು ಬೇರೆ ಒಂದು ಉಪಾಯ. ನೆಲದ ಕೆಳಗೆ ಉಕ್ಕಿನ ಗರ್ಡರ್ ಹಾಕಿ ಕಾರಿನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಮರವನ್ನು ಸುಮ್ನೆ ಅಲಂಕಾರಕ್ಕೆ ನಿಲ್ಲಿಸುವುದು. ಹಾಗೆ ಮಾಡಿದ ಸೇತುವೆಗಳಿವೆ. ಕೆಲಸ ಕಿತ್ತುಕೊಂಡ ಮೇಲೆ ಆ ಮರದ ಕಡೆ ಯಾರೂ ನೋಡಲ್ಲ. ಹತ್ತು ವರ್ಷದಲ್ಲಿ ಕೂಡು ಬಿಟ್ಟಿದ್ದರೂ ಗೊತ್ತಾಗಲ್ಲ.

ಇನ್ನೊಂದು ತುದಿಯಲ್ಲಿ ಮಿಲ್ಟನ್ ಗ್ರೇಟನ್ ಇದ್ದ. ನ್ಯೂ ಹ್ಯಾಂಪ್‌ಶೈರ್‌ನ ಸೇತುವೆ ಬಡಗಿ, 1994ರಲ್ಲಿ ತೀರಿಕೊಂಡ. 1969ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ, ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ ಟೌನ್ ಜಾಫ್ರಿಯ ಹೊಸ ಸೇತುವೆ ಕಟ್ಟಿ, ಅದನ್ನು ಎತ್ತು ಕಟ್ಟಿ ಹೊಳೆಯ ಮೇಲೆ ಎಳೆಸಿದ. ಸುಮ್ನೆ ಶೋಕಿಗಲ್ಲ. ಎತ್ತು ನಿಧಾನಕ್ಕೆ, ಒಂದೇ ಸಮ ಎಳೆಯುತ್ತದೆ, ಟ್ರ್ಯಾಕ್ಟರ್ ಹಾಗೆ ಜಗ್ಗುವುದಿಲ್ಲ. ನಮ್ಮಲ್ಲಿ ಬಾವಿಯಿಂದ ಕಪಿಲೆ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೇತುವೆಗೆ 1974ರಲ್ಲಿ ಯಾರೋ ಬೆಂಕಿ ಹಚ್ಚಿದರು. ಮತ್ತೆ ರಿಪೇರಿ ಮಾಡಿ ನಿಲ್ಲಿಸಿದರು, ಇವತ್ತಿಗೂ ನಿಂತಿದೆ. ಮಗಳ ಮನೆಗೆ ಮತ್ತೆ ಹೋದರೆ ನೋಡಿ ಬನ್ನಿ, ವಿಂಡ್ಸರ್‌ನಿಂದ ದೂರವೇನಿಲ್ಲ.

ವಿಯೆಟ್ನಾಂನ ಹೋಯಿ ಆನ್‌ನಲ್ಲಿ ಜಪಾನಿ ವ್ಯಾಪಾರಿಗಳು ಕಟ್ಟಿದ ಹಳೇ ಚಾವಣಿ ಸೇತುವೆಯೊಂದಿದೆ. ರಿಪೇರಿ ಮುಗಿಸಿ 2024ರ ಆಗಸ್ಟ್‌ನಲ್ಲಿ ತೆರೆದಾಗ ಜನ ಬೈದರು, ಇದು ತೀರಾ ಹೊಸದರ ಹಾಗೆ ಕಾಣುತ್ತದೆ ಅಂತ. ಬೈದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬಣ್ಣ ನಾಲ್ಕು ಮಳೆಗಾಲ ಕಳೆದರೆ ತಾನೇ ಮಾಸುತ್ತದೆ. ನೋಡಬೇಕಾದ್ದು ಒಳಗಿನ ಹಳೇ ತೊಲೆ ಎಷ್ಟು ಉಳಿಸಿಕೊಂಡರು, ಕೂಡುಗಳನ್ನು ಹಳೇ ಕ್ರಮದಲ್ಲೇ ಹಾಕಿದರಾ ಅನ್ನುವುದನ್ನು. ತೇರಿಗೆ ಗಾಲಿ ಬದಲಿಸುತ್ತೇವೆ, ಅಚ್ಚು ಬದಲಿಸುತ್ತೇವೆ, ಮುರಿದ ಗೊಂಬೆಯ ಜಾಗಕ್ಕೆ ಹೊಸ ಗೊಂಬೆ ಕೆತ್ತಿಸುತ್ತೇವೆ. ಯಾರೂ ಇದು ನಮ್ಮ ತೇರಲ್ಲ ಅನ್ನಲ್ಲ. ಆದರೆ ಹಳೇದನ್ನು ಸೌದೆಗೆ ಹಾಕಿ ಸಿಮೆಂಟಿನಲ್ಲಿ ಅದೇ ಆಕಾರ ಎರಕ ಹೊಯ್ದರೆ? ಆಗ ಊರೇ ಎದ್ದು ನಿಲ್ಲುತ್ತದೆ.

ನಮ್ಮ ಕಡೆ ಯಾಕಿಲ್ಲ ಅಂದಿರಿ. ಅವರಿಗೆ ಕಾಡು ಇತ್ತು, ನಮಗೆ ಬಂಡೆ ಇದೆ. ವರ್ಮಾಂಟ್‌ನಲ್ಲಿ ಊರೂರಿಗೆ ಸಾಮಿಲ್, ಊರೂರಿಗೆ ಹುಲ್ಲು, ಧಾನ್ಯ ಇಡುವ ದೊಡ್ಡ ಮರದ ಕಣಜ ಕಟ್ಟುವ ಬಡಗಿ. ಕಣಜ ಕಟ್ಟಿದ ಕೈಯೇ ಸೇತುವೆ ಕಟ್ಟಿದ್ದರಿಂದ ಅವು ಕಣಜದ ಹಾಗೇ ಕಾಣುತ್ತವೆ. ಚಿತ್ರದುರ್ಗದಲ್ಲಿ ಕೋಟೆ ಹತ್ತಿ ನಿಂತರೆ ನಾಲ್ಕು ದಿಕ್ಕಿಗೂ ಕಲ್ಲೇ. ಇನ್ನು ನಮ್ಮ ತುಂಗಭದ್ರೆ ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿ ದಾಟುವಷ್ಟಿದ್ದು, ಮಳೆಗಾಲದಲ್ಲಿ ದಡ ಕಾಣದಷ್ಟು ಹರಡುವ ಹೊಳೆ. ಅಷ್ಟು ಅಗಲಕ್ಕೆ ಮರ ಹಾಕುವುದಕ್ಕಿಂತ ಹರಿಗೋಲೇ ವಾಸಿ ಅಂತ ಹಿಂದಿನವರು ಇದ್ದುಬಿಟ್ಟರು. ಹರಿಹರದಲ್ಲಿ 1868ರಲ್ಲಿ ಸೇತುವೆ ಆದಾಗ ಕಲ್ಲು, ಇಟ್ಟಿಗೆಯ ಕಮಾನುಗಳನ್ನೇ ಕಟ್ಟಿದರು. ನೀವು ವಿಂಡ್ಸರ್‌ನಲ್ಲಿ ನೋಡಿದ್ದಕ್ಕೂ ಇದಕ್ಕೂ ಎರಡೇ ವರ್ಷದ ಅಂತರ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರ. ಅದನ್ನು ನೋಡಲು ಎಷ್ಟು ಜನ ಹೋಗುತ್ತಾರೆ ಅಂತ ನಾನು ಕೇಳಲ್ಲ.

ಕೊನೆಗೆ ನಿಮ್ಮ ಕಂಬ. ಇಲ್ಲಿ ನನ್ನದೊಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕೆಲಸಕ್ಕೆ ಇಳಿದ ಹೊಸದರಲ್ಲಿ ಚಳ್ಳಕೆರೆ ಕಡೆಯ ಒಂದು ಮಾಳಿಗೆ ಮನೆಯಲ್ಲಿ ಇಂಥವೇ ನಾಲ್ಕು ಕಂಬ ಇದ್ದವು. ಪುಡಿಯಾದ ಬುಡವನ್ನು ಕೆರೆದು, ಒಂದು ಅಡಿ ಎತ್ತರಕ್ಕೆ ಸುತ್ತ ಸಿಮೆಂಟು ಮೆತ್ತಿ, ಮೇಲೆ ಎರಡು ಕೋಟು ಆಯಿಲ್ ಪೇಂಟ್ ಹೊಡೆಸಿದೆ. ಮನೆಯವರು ಸಂತೋಷಪಟ್ಟು ಹೋಳಿಗೆ ಊಟ ಹಾಕಿದರು. ಮೂರು ವರ್ಷ ಬಿಟ್ಟು ಹೋದಾಗ ಪೇಂಟು ಫಳಫಳ ಅನ್ನುತ್ತಿತ್ತು. ಸಿಮೆಂಟಿನ ಅಂಚಿನಲ್ಲಿ ಹೆಬ್ಬೆರಳು ಒತ್ತಿದೆ. ಪೇಂಟಿನ ಪದರ ಹಪ್ಪಳದ ಹಾಗೆ ಮುರಿದು ಬೆರಳು ಒಳಗೆ ಹೋಯಿತು. ಒಳಗೆ ಮರ ಇರಲಿಲ್ಲ, ಒದ್ದೆ ಕಾಫಿ ಚರಟದಂಥದ್ದು ಇತ್ತು. ಸಿಮೆಂಟು ನೀರನ್ನು ಹಿಡಿದು ಇಟ್ಟುಕೊಂಡಿತ್ತು, ಪೇಂಟು ಅದನ್ನು ಹೊರಗೆ ಬಿಟ್ಟಿರಲಿಲ್ಲ.

ನಿಮ್ಮ ಮನೆಯಲ್ಲಿ ಮೊದಲು ನೆಲ ನೋಡಿ. ಸಗಣಿ ಸಾರಿಸುತ್ತಿದ್ದ ಮಣ್ಣಿನ ನೆಲಕ್ಕೆ ಇತ್ತೀಚೆಗೆ ಟೈಲ್ಸ್ ಅಥವಾ ಸಿಮೆಂಟು ಹಾಕಿಸಿದ್ದೀರಾ? ಮೊದಲು ನೆಲದ ತೇವ ಎಲ್ಲ ಕಡೆಯಿಂದ ಆರಿಹೋಗುತ್ತಿತ್ತು. ಈಗ ಅದಕ್ಕೆ ದಾರಿ ಇರುವುದು ಗೋಡೆ ಮತ್ತು ಕಂಬದ ಬುಡದಲ್ಲಿ ಮಾತ್ರ. ಹಿರಿಯರು ಕಂಬವನ್ನು ನೆಲದಲ್ಲಿ ಹೂಳದೆ ಬುಡಗಲ್ಲಿನ ಮೇಲೆ ನಿಲ್ಲಿಸಿದ್ದು ಇದೇ ತೇವದ ಭಯಕ್ಕೆ. ಎಷ್ಟೋ ಮನೆಗಳಲ್ಲಿ ನೆಲ ಏರಿಸಿ ಏರಿಸಿ ಆ ಕಲ್ಲೇ ಹೂತುಹೋಗಿರುತ್ತದೆ. ಕಂಬದ ಸುತ್ತ ಒಂದು ಗೇಣು ಅಗಲಕ್ಕೆ ನೆಲ ಒಡೆದು ಕಲ್ಲು ಹೊರಗೆ ಕಾಣುವ ಹಾಗೆ ಮಾಡಿಸಿ. ಸಂದಿಗೆ ಸಿಮೆಂಟು ತುಂಬಬೇಡಿ, ಮರಳು ಸಾಕು.

ಆಮೇಲೆ ಗೆದ್ದಲು. ವರ್ಮಾಂಟ್‌ಗೆ ಹೋಲಿಸಿದರೆ ನಮ್ಮಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಅರ್ಧ. ಕೊಳೆಯುವುದು ಅಲ್ಲಿಗಿಂತ ಕಡಿಮೆ, ಗೆದ್ದಲಿನ ಕಾಟ ಅವರಿಗಿಂತ ಎಷ್ಟೋ ಜಾಸ್ತಿ. ಕಲ್ಲಿನ ಮೇಲೆ ಮಣ್ಣಿನ ಗೆರೆ ಏರಿದ್ದರೆ ಕೆರೆದು ತೆಗೆದು ಒಂದು ವಾರ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಹುಳ ಇನ್ನೂ ಇದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿ ನೀರಲ್ಲಿ ಕರಗಿಸಿ, ಕೆರೆದು ಸ್ವಚ್ಛ ಮಾಡಿದ ಮರಕ್ಕೆ ಮೂರ್ನಾಲ್ಕು ಸಲ ಕುಡಿಸಬಹುದು. ಅಮೆರಿಕದಲ್ಲೂ ಸೇತುವೆಯ ತೊಲೆಗಳಿಗೆ ಬೋರಾನ್ ಉಪ್ಪಿನ ಕಡ್ಡಿಗಳನ್ನು ತೂತು ಕೊರೆದು ಇಡುತ್ತಾರೆ. ಶಿಲೀಂಧ್ರಕ್ಕೂ ಹುಳಕ್ಕೂ ಒಂದೇ ಮದ್ದು. ಮಳೆ ನೀರು ಬಿದ್ದರೆ ತೊಳೆದುಹೋಗುತ್ತದೆ, ಸೂರಿನ ಕೆಳಗೆ ಮಾತ್ರ ನಿಲ್ಲುತ್ತದೆ.

ಬುಡ ತೀರಾ ಹೋಗಿದ್ದರೆ ಇಡೀ ಕಂಬ ಬದಲಿಸಬೇಕಿಲ್ಲ. ಕೆಟ್ಟಷ್ಟನ್ನು ಕತ್ತರಿಸಿ, ಅದೇ ಜಾತಿಯ ಒಣಗಿದ ಹಳೇ ಮರದ ತುಂಡನ್ನು ಓರೆ ಕಚ್ಚಿನಲ್ಲಿ ಕೂಡಿಸಿ ಗೂಟ ಬಡಿಸಬಹುದು. ಇಲ್ಲವೇ ಬುಡಗಲ್ಲನ್ನೇ ಅಷ್ಟು ಎತ್ತರಿಸಬಹುದು. ಆದರೆ ಜಾಕಿ ಕೊಡುವ ಮೊದಲು ಮಾಳಿಗೆ ಹತ್ತಿ ಮಣ್ಣು ಎಷ್ಟು ದಪ್ಪ ಇದೆ ಅಂತ ಅಳೆಯಿರಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳೇದನ್ನು ಕೆರೆಯದೆ ಕರಲು ಮಣ್ಣು ಹಾಕುತ್ತಾ ಬಂದರೆ ಭಾರ ಏರುತ್ತಲೇ ಹೋಗುತ್ತದೆ. ಒಂದು ಅಡಿ ದಪ್ಪ ಅಂದರೆ ಚದರ ಅಡಿಗೆ ಸುಮಾರು 45 ಕೆಜಿ. ಹತ್ತಡಿ ಹತ್ತಡಿ ಅಂಕಣಕ್ಕೆ ನಾಲ್ಕೂವರೆ ಟನ್. ಎರಡೂ ಪಕ್ಕ ಊರುಗಂಬ ಕೊಡದೆ ಕಂಬಕ್ಕೆ ಕೈ ಹಾಕುವ ಮೇಸ್ತ್ರಿಯನ್ನು ಅವತ್ತೇ ವಾಪಸ್ ಕಳಿಸಿ.

ಸದ್ಯಕ್ಕೆ ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಕಂಬಕ್ಕೂ ಬುಡದಿಂದ ಒಂದೊಂದು ಗೇಣಿಗೆ ಚುಚ್ಚಿ ನೋಡಿ. ಹಾಗೇ ಸುತ್ತಿಗೆ ಹಿಡಿಯಿಂದ ತಟ್ಟಿ. ಕಣ್ ಅಂದರೆ ಚೇಗು ಗಟ್ಟಿ ಇದೆ, ಡೊಬ್ ಅಂದರೆ ಟೊಳ್ಳು. ಎಲ್ಲಿಂದ ಸದ್ದು ಬದಲಾಗುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆಯಿರಿ. ಎಲ್ಲ ಕಂಬದ ಗೆರೆಯೂ ಕಾಣುವ ಹಾಗೆ ಫೋಟೊ ತೆಗೆದು, ಮಾಳಿಗೆ ಮಣ್ಣಿನ ದಪ್ಪವನ್ನೂ ಬರೆದು ಕಳಿಸಿ. ಎಷ್ಟು ಕತ್ತರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.